ನಿಮಗಿದು ಗೊತ್ತೆ? ಕೆಂಪು ಹೆಬ್ಬೆಟ್ಟಿನ ಗುಟ್ಟು

1978ರ ಚಳಿಗಾಲ. ಚೀನಾದ ಅನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಹಳ್ಳಿಯ 18 ರೈತರು ರಾತ್ರಿ ಮಣ್ಣಿನ ಮನೆಯೊಂದರಲ್ಲಿ ಗುಟ್ಟಾಗಿ ಸೇರಿದರು. ಜಮೀನು, ದುಡಿಮೆ ಎಲ್ಲವೂ ಸಾಮೂಹಿಕವಾಗಿದ್ದ ಕಮ್ಯೂನ್ ಪದ್ಧತಿಯಲ್ಲಿ ಎಷ್ಟು ದುಡಿದರೂ ಹೊಟ್ಟೆಗೆ ಸಾಲುತ್ತಿರಲಿಲ್ಲ. ಭಿಕ್ಷೆಗೆಂದು ಊರು ಬಿಡುವುದು ಅಲ್ಲಿನವರಿಗೆ ರೂಢಿಯೇ ಆಗಿತ್ತು.

ಜಮೀನನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರದ ಪಾಲು ತಪ್ಪದೆ ಕೊಡುವುದು ಎಂದು ಹಾಳೆಯೊಂದರಲ್ಲಿ ಬರೆದು, ಹೆಸರುಗಳ ಮೇಲೆ ಕೆಂಪು ಹೆಬ್ಬೆಟ್ಟು, ಮುದ್ರೆ ಒತ್ತಿದರು. ಆಗ ಹೀಗೆ ಜಮೀನು ಹಂಚಿಕೊಳ್ಳಲು ಅನುಮತಿ ಇರಲಿಲ್ಲ. ಯಾರಾದರೂ ಜೈಲು ಸೇರಿದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕು ಎಂಬ ಮಾತೂ ಅದರಲ್ಲಿತ್ತು. ಓದಿದರೆ ಕರುಳು ಚುರುಕ್ ಎನ್ನುತ್ತದೆ.

ಮರುವರ್ಷ ಧಾನ್ಯದ ಫಸಲು ಹಲವು ಪಟ್ಟು ಹೆಚ್ಚಿತು.

ಜಮೀನನ್ನು ಮನೆಮನೆಗೆ ವಹಿಸುವ ಇಂಥ ಕುಟುಂಬ ಗುತ್ತಿಗೆಯೇ ಮುಂದೆ ದೇಶದ ನೀತಿಯಾಯಿತು. 1980ರ ದಶಕದ ನಡುವಿನ ಹೊತ್ತಿಗೆ ಕಮ್ಯೂನ್‌ಗಳು ಇಲ್ಲವಾದವು.