ಚಪ್ಪಡಿಯ ಕೆಳಗಿನ ಕೆಲಸ

ಒಳಚರಂಡಿ ಇಲ್ಲದ ಊರುಗಳಲ್ಲಿ ಮನೆ ಕಟ್ಟಿದವರು ಅಂಗಳದ ಮೂಲೆಯಲ್ಲಿ ಸೆಪ್ಟಿಕ್ ಟ್ಯಾಂಕ್ ಮಾಡಿಸಿ, ಮೇಲೆ ಚಪ್ಪಡಿ ಎಳೆದು ಮರೆತೇಬಿಡುತ್ತಾರೆ. ಮತ್ತೆ ನೆನಪಾಗುವುದು ಕಮೋಡ್ ಕಟ್ಟಿಕೊಂಡಾಗಲೇ.

ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಟ್ಯಾಂಕಿನೊಳಗೆ ಮಲವನ್ನು ಕೊಳೆಸುತ್ತವೆ. ಉಳಿದದ್ದು ಕೆಸರಾಗಿ ತಳ ಸೇರುತ್ತದೆ, ಜಿಡ್ಡು ಕೆನೆಯಂತೆ ಮೇಲೆ ಕಟ್ಟುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತದೆ. ಕೆಸರು ಏರಿದಂತೆಲ್ಲ ನೀರು ತಿಳಿಯಾಗಲು ಜಾಗ ಸಾಲದೆ, ಹೊಲಸು ಹಾಗೇ ಹೊರಬಿದ್ದು ಗುಂಡಿಯ ಮಣ್ಣನ್ನು ಮುಚ್ಚಿಹಾಕುತ್ತದೆ. ಅದಕ್ಕೇ ಎರಡು-ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು. ಆಸಿಡ್, ಬ್ಲೀಚಿಂಗ್ ಪೌಡರ್ ಧಾರಾಳವಾಗಿ ಸುರಿದರೆ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಪ್ಯಾಡ್, ಡೈಪರ್‌ಗಳಂತೂ ಕರಗುವುದೇ ಇಲ್ಲ.

ಒಂದನ್ನು ಒತ್ತಿ ಹೇಳಲೇಬೇಕು: ಯಾರನ್ನೂ ಟ್ಯಾಂಕಿಗೆ ಇಳಿಸಕೂಡದು. ಅಲ್ಲಿ ತುಂಬಿರುವ ಹೈಡ್ರೋಜನ್ ಸಲ್ಫೈಡ್ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪಿಸಿ ಕೊಲ್ಲಬಲ್ಲದು. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಸಾವುಗಳು ನಿಂತಿಲ್ಲ, ಇದು ನಾಚಿಕೆಗೇಡು. ಈ ಕೆಲಸಕ್ಕೆ ಕೆಸರು ಹೀರುವ ಲಾರಿಗಳಿವೆ.

ಲಾರಿ ಕರೆಸುವವರು ಇನ್ನೊಂದನ್ನೂ ವಿಚಾರಿಸಬೇಕು: ಕೆಸರು ಎಲ್ಲಿಗೆ ಹೋಗುತ್ತದೆ? ರಾತ್ರೋರಾತ್ರಿ ರಾಜಕಾಲುವೆಗೆ ಸುರಿದರೆ ಕಷ್ಟವೆಲ್ಲ ಕೆರೆಯ ಪಾಲು. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಘಟಕಕ್ಕೆ ಲಾರಿಗಳು ತಂದ ಕೆಸರನ್ನು ಸಂಸ್ಕರಿಸಿ, ಹಾಸಿನ ಮೇಲೆ ಒಣಗಿಸಿ, ಗೊಬ್ಬರ ಮಾಡಿ ರೈತರಿಗೆ ಕೊಡುವ ವ್ಯವಸ್ಥೆಯಿದೆ.