ಗಾಳದ ಮೀನಿಗೆ ಮೊದಲು ಐಸ್, ಆಮೇಲೆ ಮಸಾಲೆ

ಕಳೆದ ಜನವರಿಯಲ್ಲಿ ನಾವು ನಾಲ್ಕು ಮಂದಿ ಹೋಟೆಲಿನವರು ಅಲಿಬಾಗ್ ಕಡೆ ದೋಣಿಯಲ್ಲಿ ಗಾಳ ಹಾಕಲು ಹೋಗಿದ್ದೆವು. ಎರಡು ಅಂಜಲ್, ಒಂದು ಕುಪ್ಪಾ ಅಂದರೆ ಟ್ಯೂನಾ ಸಿಕ್ಕಿತು. ಇದ್ದದ್ದು ಒಂದೇ ಐಸ್ ಪೆಟ್ಟಿಗೆ, ಅದರಲ್ಲೂ ಅರ್ಧ ನಮ್ಮ ಬಾಟಲಿಗಳು! ಅಂಜಲ್ ಒಳಗೆ ಹೋಯಿತು, ಕುಪ್ಪಾ ನಾಲ್ಕು ಗಂಟೆ ಬಿಸಿಲಲ್ಲೇ ಉಳಿಯಿತು.

ಸಂಜೆ ಅಂಜಲ್ ತವಾ ಫ್ರೈ, ಕುಪ್ಪಾ ಪುಳಿಮುಂಚಿ. ಕುಪ್ಪಾ ತಿಂದ ಇಬ್ಬರಿಗೆ ಅರ್ಧ ಗಂಟೆಯೊಳಗೆ ಮುಖ ಕೆಂಪಾಗಿ ತುರಿಕೆ, ತಲೆನೋವು ಶುರುವಾಯಿತು. ಮೆಣಸು ಜಾಸ್ತಿ ಹಾಕಿದೆ ಎಂದು ನನಗೇ ಬೈದರು. ಇದು ಹಿಸ್ಟಮಿನ್ ವಿಷ ಎಂದು ಡಾಕ್ಟರು ಹೇಳಿ ಮಾತ್ರೆ ಕೊಟ್ಟರು. ಬೆಳಿಗ್ಗೆಗೆ ಸರಿಹೋದರು.

ಕುಪ್ಪಾ, ಬಂಗುಡೆ, ಅಂಜಲ್ ಒಂದೇ ಬಳಗ. ಸತ್ತ ಮೇಲೆ ತಣ್ಣಗಿಡದಿದ್ದರೆ ಬ್ಯಾಕ್ಟೀರಿಯಾಗಳು ಇವುಗಳ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟಿಸುತ್ತವೆ. ಒಮ್ಮೆ ಹುಟ್ಟಿದರೆ ಕುದಿಸಿದರೂ, ಹುರಿದರೂ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ವಾಸನೆ, ಬಣ್ಣ ಚೆನ್ನಾಗಿಯೇ ಇರಬಹುದು. ನಾಲಿಗೆ ಕಾಳುಮೆಣಸು ಕಚ್ಚಿದಂತೆ ಚುರುಗುಟ್ಟಿದರೆ ಎಸೆದುಬಿಡಿ.

ಮೀನು ದೋಣಿಗೆ ಬಂದ ಕೂಡಲೇ ರಕ್ತ ಹರಿಸಿ, ಕಿವಿರು, ಕರುಳು ತೆಗೆದು ಕಿಲೋಗೆ ಕಿಲೋ ಪುಡಿ ಐಸ್ ಹಾಕಿ. 4 ಡಿಗ್ರಿ ದಾಟಬಾರದು. ಪಾರ್ಟಿ ಆರ್ಡರಿಗೆ ಐಸ್ ಇಲ್ಲದೆ ಟೆಂಪೋದಲ್ಲಿ ಬಂದ ಬಂಗುಡೆಯನ್ನು ನಾನೀಗ ಹಾಗೇ ವಾಪಸ್ ಕಳಿಸುತ್ತೇನೆ, ಮೀನಿನವನು ಎಷ್ಟೇ ಗೊಣಗಲಿ.