ಬೀಟಿಗೆ ಹೋದವರು ಮೊದಲು ಕಟಿಂಗ್ ಅಂಗಡಿ ನೋಡ್ರಿ

ಕೊಪ್ಪಳ ಜಿಲ್ಲೆಯ ಠಾಣೆಗಳಲ್ಲೇ ಸರ್ವಿಸ್ ಮುಗಿಸಿ ಎಎಸ್‌ಐ ಆಗಿ ನಿವೃತ್ತನಾದವ ನಾನು. ಬೀಟಿಗೆ ಹೊರಟ ಹೊಸ ಹುಡುಗರಿಗೆ ಹೇಳುವುದಿಷ್ಟೇ: ಅಗಸಿ ದಾಟಿದ ಕೂಡಲೇ ಕಟಿಂಗ್ ಅಂಗಡಿ ನೋಡ್ರಿ, ಆಮೇಲೆ ಚಹಾದಂಗಡಿ. ದಲಿತ ಕೇರಿಯ ಹುಡುಗರು ಅಲ್ಲಿನ ಕುರ್ಚಿ ಬಿಟ್ಟು, ಕಟಿಂಗ್‌ಗೆಂದೇ ಬಸ್ ಹತ್ತಿ ಗಂಗಾವತಿಗೋ ಕುಷ್ಟಗಿಗೋ ಹೋಗುತ್ತಿದ್ದರೆ ಊರಲ್ಲಿ ಏನೋ ಕುದಿಯುತ್ತಿದೆ.

2024ರ ಆಗಸ್ಟ್‌ನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರದ ವಿಚಾರಕ್ಕೆ ಎದ್ದ ಜಗಳದಲ್ಲೇ ದಲಿತ ಯುವಕನೊಬ್ಬ ಕೊಲೆಯಾದ. ಅದಕ್ಕೂ ಹತ್ತು ವರ್ಷ ಹಿಂದೆ, 2014ರ ಆಗಸ್ಟ್ 28ರಂದು, ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಸಿನಿಮಾ ನೋಡಲು ಹೋದಲ್ಲಿ ಆದ ಜಗಳ ನೆಪ ಮಾತ್ರ; ಕ್ಷೌರದಂಗಡಿ, ಹೋಟೆಲಿನೊಳಗೆ ಬಿಡುವುದಿಲ್ಲವೆಂಬ ತಕರಾರು ಮೊದಲೇ ಇತ್ತು. ಆರೋಪಿಗಳು 117 ಮಂದಿ. ವಿಚಾರಣೆ ಮುಗಿಯುವಷ್ಟರಲ್ಲಿ 16 ಜನ ತೀರಿಕೊಂಡಿದ್ದರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಜಿಲ್ಲಾ ಸೆಷನ್ಸ್ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠ 97 ಮಂದಿಗೆ ಜಾಮೀನು ನೀಡಿತು. ಊರು ಅದೇ, ಓಣಿ ಅದೇ, ಎದುರುಬದುರು ಮನೆಗಳೂ ಅವೇ.

ಒಂದೇ ಜಿಲ್ಲೆಯಾದರೂ ನೆಲ ಬೇರೆ ಬೇರೆ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ರೈಸ್‌ಮಿಲ್ಲು, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು. ಲಿಂಗಾಯತರು, ಕುರುಬರು, ನಾಯಕರು, ಮಾದಿಗರು, ಮುಸ್ಲಿಮರು, ಲಂಬಾಣಿಗರು ಎಲ್ಲರ ಲೆಕ್ಕವೂ ಅದೇ ಗದ್ದೆ ಸುತ್ತ. ಕುಷ್ಟಗಿ, ಯಲಬುರ್ಗಾ ಮಳೆ ನಂಬಿದ ಸೀಮೆ. ಹುಡುಗರು ದುಡಿಯಲು ಬೆಂಗಳೂರು, ಗೋವಾ ಹಿಡಿಯುತ್ತಾರೆ. ಅಲ್ಲಿ ಯಾವ ಹೋಟೆಲಿನಲ್ಲೂ ಕೂತು ಉಂಡವನಿಗೆ, ಹಬ್ಬಕ್ಕೆ ಬಂದಾಗ ‘ಹೊರಗ ನಿಂತು ಕುಡಿ’ ಅಂದರೆ ಸುಮ್ಮನಿರುತ್ತಾನೆಯೇ? ಬಂದೋಬಸ್ತಿನ ಲೆಕ್ಕ ಹಾಕುವವರು ಮೆರವಣಿಗೆ ದಾರಿಯನ್ನಷ್ಟೇ ನೋಡುತ್ತಾರೆ, ಊರಿಗೆ ಬಂದ ಬಸ್ಸು ನೋಡುವುದಿಲ್ಲ. ಠಾಣೆಯ ಶಾಂತಿ ಸಭೆಗೆ ಬರುವವರಾದರೂ ಯಾರು? ಹಿರಿಯರು. ಹೊಡೆದಾಡುವವರು ಆ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿರುತ್ತಾರೆ.

ದೌರ್ಜನ್ಯ ತಡೆ ಕಾಯ್ದೆಯಡಿ ತನಿಖೆ ಮಾಡುವವರು ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಿರಬಾರದು. ಸರಿಯೇ. ಆದರೆ ತನಿಖೆಗೆ ಮೊದಲು ದೂರು ಬೇಕಲ್ಲ. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಕೂಸೊಂದು ಹನುಮಂತ ದೇವರ ಗುಡಿಯೊಳಕ್ಕೆ ಓಡಿತೆಂದು, ಶುದ್ಧಿಯ ಹೆಸರಲ್ಲಿ ಮನೆಯವರಿಂದ ದಂಡ ಕೇಳಿದರು. ಸುದ್ದಿ ಹಬ್ಬಿ, ಕೇಸಾಗಿ, ಐವರ ಬಂಧನವಾಯಿತು. ಮುಂದಿನ ವರ್ಷ ಸರ್ಕಾರ ಅಸ್ಪೃಶ್ಯತೆ ತೊಲಗಿಸಲೆಂದು ‘ವಿನಯ ಸಾಮರಸ್ಯ’ ಯೋಜನೆ ತಂದಿತು. ಇಷ್ಟೆಲ್ಲ ಆದರೂ ಮನೆಯವರು ತಾವಾಗಿ ದೂರು ಕೊಡಲು ಮುಂದೆ ಬಂದಿರಲಿಲ್ಲ. ಕೂಲಿಗೆ ಹೋಗಬೇಕಾದದ್ದು ಯಾರ ಹೊಲಕ್ಕೆ ಅನ್ನುವುದನ್ನು ನೆನೆದರೆ ಇಂಥದ್ದು ಅರ್ಥವಾಗುತ್ತದೆ. ಅಂಥ ಮನೆಗೆ ಬೀಟಿನವ ಮಫ್ತಿಯಲ್ಲಿ ಹೋಗಬೇಕು, ಅದೂ ದೂರು ಏಳುವ ಮೊದಲೇ, ಆಗಾಗ. ಬಾಗಿಲಿಗೆ ಜೀಪು ನಿಲ್ಲಿಸಿದರೆ ಮರುದಿನ ಅವರಿಗೆ ಕೂಲಿ ಇರುವುದಿಲ್ಲ.